ಹೊನ್ನೂರಮ್ಮನಿಗೆ ಬಂದ ಕಾರ್ಡು

“ನೀ ಖರೇ ಹೇಳು, ನೀನೇ ಹೇಳೀಯೇನು? ನಾ ಸಿಟ್ಟಾಗಂಗಿಲ್ಲ. ನೋಡಬೇ, ಸಭ್ಯಾಗ ನಲವತ್ತು ಮಂದಿ ಇದ್ವಿ. ನಿನಗ ಕಣಜ ತುಂಬ್ತೈತಿ ಅಂತ ಬಂತು. ಒಬ್ಬಾಕಿಗೆ ಬ್ಯಾನಿ ವಾಸಿ ಆಕ್ಕೈತಿ ಅಂತ ಬಂತು. ಆ ಮೂಲಿಮನಿ ಮುದುಕಗ ಮಕ್ಕಳುಮರಿ ಆಕ್ಕಾವ ಅಂತ ಬಂತು, ಎಂಬತ್ತು ವರ್ಷದವಗ. ಎಲ್ಲಾರೂ ನಕ್ರು, ಆಮೆನ್ ಅಂದ್ರು. ನಾ ಕೈ ಹಾಕಿದ್ರ ಏನು ಬರಬೇಕು? ಮಂದೀದು ತೊಗೊಂಡಿದ್ದನ್ನ ತಿರುಗಿ ಕೊಡು, ಅಂತ. ಇದು ಆಶೀರ್ವಾದೇನು? ಇದು ಠಾಣೆದಾಗ ಹೇಳೋ ಮಾತು. ಅದನ್ನ ಮಮತಮ್ಮ ಮೈಕಿನಾಗ ಓದಿದ್ಲು, ರಸ್ತೇದಾಗ ಎಮ್ಮಿ ಹೊಡಕೊಂಡು ಹೋಗೋರಿಗೂ ಕೇಳೋ ಹಂಗ. ನಾ ದೀಕ್ಷಾಸ್ನಾನ ತೊಗೊಂಡು ಹನ್ನೆರಡು ವರ್ಷ ಆತು. ವರ್ಷಕ್ಕೊಂದು ಕಾರ್ಡು ಎತ್ತೀನಿ, ಡಬ್ಬಿದಾಗ ಇಟ್ಟೀನಿ. ಒಂದರಾಗೂ ದೇವರು ನನಗ ಕೆಲಸ ಹೇಳಿಲ್ಲ. ಈ ವರ್ಷನೇ ಯಾಕ ಹೇಳ್ಯಾನ? ದೇವರು ಹೇಳ್ಯಾನೋ, ಯಾರರೆ ದೇವರ ಕಿವ್ಯಾಗ ಹೇಳ್ಯಾರೋ?”

ಹೊಸ ವರ್ಷದ ದಿನ ಮಧ್ಯಾಹ್ನ ಮಸ್ಕಿಯ ತನ್ನ ಮನೆಯಲ್ಲಿ, ಒಲೆಯ ಮುಂದೆ ಕುಳಿತು ಹೊನ್ನೂರಮ್ಮ ನನ್ನನ್ನು ಕೇಳಿದ್ದು ಹೀಗೆ. ಅವಳ ಕೈ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಬದುಕು. ದಿನಕ್ಕೆ ನೂರು ಜೋಳದ ರೊಟ್ಟಿ. ಅರ್ಧ ನಮ್ಮೂರ ಖಾನಾವಳಿಗೆ, ಅರ್ಧ ಬಸ್ಸಿನಲ್ಲಿ ಲಿಂಗಸುಗೂರಿಗೆ. ಆರಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟುವುದು ನನ್ನ ಕೆಲಸ. ಪಕ್ಕದ ಮನೆಯವಳು ನಾನು, ಒಂದೇ ಸಭೆಗೆ ಹೋಗುವವಳು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಂದು ಬುಟ್ಟಿಯಲ್ಲಿ ವಾಗ್ದಾನದ ಕಾರ್ಡುಗಳನ್ನು ಇಟ್ಟಿರುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಒಂದನ್ನು ಎತ್ತಬೇಕು. ಅದರಲ್ಲಿರುವ ಮಾತು ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ನಮ್ಮಲ್ಲಿ ಓದು ಬಾರದವರೇ ಹೆಚ್ಚು, ಅದಕ್ಕೆ ಪಾಸ್ಟರ್ ಅವರ ಹೆಂಡತಿ ಮಮತಾ ನಿಂತು ಒಂದೊಂದನ್ನೂ ಓದಿ ಹೇಳುತ್ತಾರೆ. ಕಣಜ ತುಂಬುವ ಕಾರ್ಡು ಬಂದದ್ದು ನನಗೇ. ನನ್ನ ಮನೆಯಲ್ಲಿ ಕಣಜವೇ ಇಲ್ಲ, ಆದರೂ ಸಂತೋಷವಾಗಿತ್ತು.

“ನಾ ಯಾರಿಗೂ ಏನೂ ಹೇಳಿಲ್ಲ” ಎಂದೆ. “ಹೇಳಾಕ ನನಗೇನು ಗೊತ್ತೈತಿ?”

ಹೊನ್ನೂರಮ್ಮ ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಗೊತ್ತಿತ್ತು ಎಂಬುದನ್ನು ಮುಚ್ಚಿಡಲಾರೆ. ಸಿಂಧನೂರಿನ ಅವಳ ತಂಗಿಯ ಕಡೆಯವರು ಯಾರಾದರೂ ಬಂದರೆ ಅವಳು ಒಲೆಯ ಮೇಲಿನ ಹಂಚನ್ನು ಬಿಸಿಬಿಸಿಯಾಗಿಯೇ ಇಳಿಸಿ ಹಿತ್ತಲಿಗೆ ಒಯ್ದು ಗೋಣಿಚೀಲ ಮುಚ್ಚುತ್ತಿದ್ದಳು. ಆರು ವರ್ಷದಲ್ಲಿ ನಾಲ್ಕು ಸಲ ನೋಡಿದ್ದೇನೆ. ಯಾಕೆಂದು ಕೇಳಿರಲಿಲ್ಲ. ಕೇಳದೆ ಕುಳಿತವರ ಮುಂದೆ ಮಂದಿ ಒಂದು ದಿನ ತಾವಾಗಿಯೇ ಹೇಳುತ್ತಾರೆ.

“ಹಂಗಾರ ಮಮತಮ್ಮಂದೇ” ಎಂದಳು. “ಕ್ರಿಸ್‌ಮಸ್ ಊಟಕ್ಕ ರೊಟ್ಟಿ ಹೇಳಾಕ ಬಂದಾಗ ಹಂಚು ನೋಡಿ, ‘ಎಷ್ಟು ದಪ್ಪೈತಿ, ಯಾವ ಕಾಲದ್ದು ರೀ’ ಅಂದಿದ್ಲು. ಹಂಚಿನ ಸುದ್ದಿ ಆಕಿಗ್ಯಾಕ?”

ಮರುದಿನ ಅವಳು ತನ್ನ ಡಬ್ಬಿ ತಂದು ನನ್ನ ಮುಂದೆ ಸುರಿದಳು. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು, ಅಕ್ಷರ ಕೂಡಿಸಿ ಓದಬಲ್ಲೆ. ಆದರೆ ಈ ಸಲ ಓದುವುದೇ ಬೇಕಾಗಲಿಲ್ಲ. ಹಳೆಯ ಕಾರ್ಡುಗಳೆಲ್ಲ ಅಚ್ಚಿನವು, ಅಂಚಿಗೆ ಗುಲಾಬಿ ಹೂವು. ಹೊಸದು ತೆಳು ರಟ್ಟು, ಕತ್ತರಿಯಿಂದ ಸೊಟ್ಟಗೆ ಕತ್ತರಿಸಿದ್ದು, ಪೆನ್ನಿನಲ್ಲಿ ಬರೆದದ್ದು.

“ನೋಡಿದೇನು?” ಎಂದಳು ಹೊನ್ನೂರಮ್ಮ. “ಕೈಲೆ ಬರದಾರ. ನಡಿ.”

ಮಮತಾ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಹೊನ್ನೂರಮ್ಮ ಕುಳಿತುಕೊಳ್ಳದೆ ಕಾರ್ಡನ್ನು ಮುಂದೆ ಹಿಡಿದಳು.

“ಅಮ್ಮಾರ, ಇದನ್ನ ಯಾರು ಬರದಾರ?”

ಮಮತಾ ನೋಡಿ ಹಣೆಗೆ ಕೈ ಹಚ್ಚಿಕೊಂಡರು. “ನಾನೇ ರೀ ಹೊನ್ನೂರಮ್ಮ. ಲಿಂಗಸುಗೂರಿಂದ ತರಿಸಿದ ಕಾರ್ಡು ಹತ್ತು ಕಮ್ಮಿ ಬಿದ್ವು. ಪುಸ್ತಕ ನೋಡಿ ಬರಿಯಾಕತ್ತಿದ್ದೆ, ಒಲಿ ಮ್ಯಾಲ ಹಾಲು ಉಕ್ಕಿತು. ಎದ್ದು ಹೋಗಿ ಬರೋದ್ರಾಗ ಹಾಳಿ ತಿರುಗಿತ್ತು. ಆ ಹಾಳ್ಯಾಗ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳೋ ಆಜ್ಞೆ ಇದ್ವು. ಒಂದು ಬರದ ಮ್ಯಾಲ ಗೊತ್ತಾತು, ತೆಗೆದಿಟ್ಟೀನಿ ಅನಕೊಂಡೆ. ಬುಟ್ಟ್ಯಾಗ ಹ್ಯಾಂಗ ಬಿತ್ತೋ. ಓದುವಾಗ ನನಗೂ ಎದಿ ಧಸಕ್ ಅಂತು, ಆದ್ರ ಕೈಯಾಗ ಬಂದಿದ್ದನ್ನ ಸುಳ್ಳು ಓದಾಕ ಆಗಂಗಿಲ್ಲಲ್ಲ.”

“ನಿಮಗ ಯಾರೂ ಏನೂ ಹೇಳಿಲ್ಲ?”

“ಏನು ಹೇಳತಾರ ರೀ?”

ಮಮತಾ ಒಳಗೆ ಹೋಗಿ ಗುಲಾಬಿ ಅಂಚಿನ ಕಾರ್ಡು ತಂದರು. “ಇದು ನನಗ ಬಂದಿದ್ದು. ಹೋದಲ್ಲಿ ಬಂದಲ್ಲಿ ಕಾಯ್ತೀನಿ ಅಂತೈತಿ. ಇದನ್ನ ನೀವು ತೊಗೋರಿ, ಅದನ್ನ ನನಗ ಕೊಡ್ರಿ. ತಪ್ಪು ನಂದು.”

ಒಂದು ಕೈಯಲ್ಲಿ ಒಂದು ಕಾರ್ಡು, ಇನ್ನೊಂದು ಕೈಯಲ್ಲಿ ಇನ್ನೊಂದು ಹಿಡಿದು ಹೊನ್ನೂರಮ್ಮ ನಿಂತಳು. ಅವಳ ಮುಖ ಸಡಿಲಾದದ್ದನ್ನು ನಾನು ಕಂಡೆ. ಆಮೇಲೆ ಅದು ಮತ್ತೆ ಬಿಗಿಯಾಯಿತು.

“ಉಳದ ಒಂಬತ್ತು ಕಾರ್ಡಿನ್ಯಾಗ ಏನಿತ್ತು?”

“ಎಲ್ಲಾ ವಾಗ್ದಾನನೇ ರೀ. ತಪ್ಪಿದ್ದು ಇದೊಂದೇ.”

“ನಲವತ್ತರಾಗ ಒಂದೇ” ಎಂದಳು ಹೊನ್ನೂರಮ್ಮ. “ಅದು ನನ್ನ ಕೈಗೇ ಬಂತು.”

ಗುಲಾಬಿಯ ಕಾರ್ಡನ್ನು ಮಮತಾ ಅವರಿಗೇ ಕೊಟ್ಟು ಹೊರಟುಬಿಟ್ಟಳು. ದಾರಿಯಲ್ಲಿ ನನಗೆ ಹೇಳಿದಳು: “ಆಶೀರ್ವಾದ ಮೂವತ್ತೊಂಬತ್ತು ಮಂದಿಗೆ ಬಂದೈತಿ. ಹೇಳಿದ ಮಾತು ಕೇಳೋ ಕೆಲಸ ಒಬ್ಬಾಕಿಗೆ. ಮನುಷ್ಯಾರು ಮಾಡಿದ್ರ ನಾ ಜಗಳಾಡಿ ಬಿಡತಿದ್ದೆ. ಯಾರೂ ಮಾಡಿಲ್ಲ ಅಂದ್ರ ಯಾರ ಕೂಡ ಜಗಳಾಡ್ಲಿ?”

ಅಂದು ಸಂಜೆ ಎಲ್ಲವನ್ನೂ ಹೇಳಿದಳು. ಅವಳ ತಾಯಿ ಕಡೆಗಾಲದಲ್ಲಿ ಸಿಂಧನೂರಿನಲ್ಲಿ ತಂಗಿ ಯಮನಮ್ಮನ ಮನೆಯಲ್ಲಿದ್ದಳು. ಆ ಮನೆಯವರು ಹಿಂದೂಗಳು. ಅಕ್ಕ ಕ್ರೈಸ್ತಳಾದಳೆಂದು ಮಾತು ಮೊದಲೇ ಕಡಿಮೆಯಾಗಿತ್ತು. ತಾಯಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಎಲ್ಲರೂ ಹೊರಗಿದ್ದಾಗ ಹೊನ್ನೂರಮ್ಮ ತಾಯಿಯ ಕಬ್ಬಿಣದ ಹಂಚನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಹಿರಿಮಗಳಿಗೆ ಅಷ್ಟೂ ಹಕ್ಕಿಲ್ಲವೇ ಎಂದುಕೊಂಡಿದ್ದಳು. ಆಮೇಲೆ ಸುದ್ದಿ ಬಂತು: ಹಂಚನ್ನು ಗುಜರಿಯವನಿಗೆ ಹಾಕಿದ್ದಾಳೆಂದು ಯಮನಮ್ಮ ತನ್ನ ಸೊಸೆ ಸುರೇಖಾಳ ಮೇಲೆ ಹೊರಿಸಿದ್ದಾಳೆ. ಸೊಸೆ ಅತ್ತಳು, ದೇವರ ಮುಂದೆ ಆಣೆ ಮಾಡಿದಳು, ಎರಡು ತಿಂಗಳು ತವರಿಗೆ ಹೋಗಿ ಕುಳಿತಳು. ಹೊನ್ನೂರಮ್ಮ ಬಾಯಿ ಬಿಡಲಿಲ್ಲ.

“ಆ ಹಂಚಿನ ಮ್ಯಾಲ ರೊಟ್ಟಿ ಹೊತ್ತಂಗಿಲ್ಲಬೇ. ಅದನ್ನ ಕೊಟ್ರ ನೂರು ರೊಟ್ಟಿ ಎಲ್ಲಿಂದ ಬರತಾವ? ಕೊಟ್ಟ ಮ್ಯಾಲ ತಂಗಿ ಇದ್ದ ಅರ್ಧ ಮಾತೂ ಬಿಡತಾಳ. ಹಂಚೂ ಹೋತು, ತಂಗೀನೂ ಹೋದ್ಲು.”

ನಾಲ್ಕು ದಿನ ಹಾಗೆಯೇ ಕಳೆದವು. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತಿದ್ದಳು, ಎದ್ದು ಹಂಚು ಇಡುತ್ತಿದ್ದಳು. ಐದನೆಯ ದಿನ ಹಂಚನ್ನು ಬೂದಿ ಹಾಕಿ ತಿಕ್ಕಿ ಹಳೆಯ ಸೀರೆಯಲ್ಲಿ ಸುತ್ತಿ, “ಬರ್ತೀಯೇನು?” ಎಂದಳು.

ಬಸ್ಸಿನಲ್ಲಿ ಕಂಡಕ್ಟರ್ ಚೀಲ ಎತ್ತಿ ನೋಡಿದ. “ಏನೈತಿ ಯವ್ವಾ ಇದರಾಗ, ಇಷ್ಟು ವಜ್ಜಿ?”

“ಹಂಚು.”

“ಸಿಂಧನೂರಾಗ ಹಂಚು ಸಿಗಂಗಿಲ್ಲೇನು?”

“ಸಿಗದಿದ್ದಕ್ಕೇ ಒಯ್ಯಾಕತ್ತೀನಿ” ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಕಾಲುವೆಯ ನೀರಿನ ಗದ್ದೆಗಳು ಬಂದಾಗ ನನ್ನ ಕೈ ಹಿಡಿದಳು, ಇಳಿಯುವ ತನಕ ಬಿಡಲಿಲ್ಲ.

ಯಮನಮ್ಮ ಜಗುಲಿಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಅಕ್ಕನನ್ನು ನೋಡಿದಳು, ಚೀಲವನ್ನು ನೋಡಿದಳು, ನನ್ನನ್ನೂ ನೋಡಿದಳು.

“ಏನಕ್ಕಾ, ಹಬ್ಬಿಲ್ಲ ಹುಣ್ಣಿವಿಲ್ಲ, ಬಂದೀಯಲ್ಲ. ನಿಮ್ಮ ಸಭೆಯವರು ಕಳಿಸ್ಯಾರೇನು? ನಮ್ಮನ್ನೂ ಸೇರಸ್ಕೊಳ್ಳಾಕ?”

“ಯಾರೂ ಕಳಿಸಿಲ್ಲ.” ಹೊನ್ನೂರಮ್ಮ ಸೀರೆ ಬಿಚ್ಚಿ ಹಂಚನ್ನು ಜಗುಲಿಯ ಮೇಲೆ ಇಟ್ಟಳು. “ಅವ್ವನ ಹಂಚು. ನಾ ಒಯ್ದಿದ್ದೆ. ನಿನ್ನ ಸೊಸಿ ಗುಜರಿಗೆ ಹಾಕಿಲ್ಲ. ನೀ ಆಕಿಗೆ ಅಂದಿದ್ದು ಗೊತ್ತಿದ್ದೂ ಸುಮ್ಮನ ಕುಂತಿದ್ದೆ. ತಪ್ಪು ನಂದು.”

ಯಮನಮ್ಮ ಮೊರ ಕೆಳಗಿಟ್ಟಳು. ಹಂಚಿನ ಅಂಚಿನ ಮೇಲೆ ಬೆರಳಾಡಿಸುತ್ತ ಹೋದಳು. ತಾಯಿಯ ಕೈ ಜಾರಿ ಬಾವಿಯ ಮೆಟ್ಟಿಲಿಗೆ ಬಿದ್ದಾಗ ಆದ ಮುಕ್ಕು ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

“ಏನು ಬೇಕಾಗೇತಿ ನಿನಗ?” ಎಂದಳು. “ಆರು ವರ್ಷದ ಮ್ಯಾಲ ಸುಮ್ಮಸುಮ್ಮನ ಯಾರೂ ತಂದು ಕೊಡಂಗಿಲ್ಲ.”

“ಏನೂ ಬೇಡ. ಹೊಸ ವರ್ಷಕ್ಕ ತಿರುಗಿ ಕೊಡು ಅಂತ ನನಗ ಮಾತು ಬಂತು. ಕೊಟ್ಟೆ.”

“ಕೊಟ್ರ ನಿನಗೇನು ಕೊಡತಾನಂತ ನಿಮ್ಮ ದೇವರು?”

“ಹೇಳಿಲ್ಲ” ಎಂದಳು ಹೊನ್ನೂರಮ್ಮ.

ಆ ಉತ್ತರವನ್ನು ಯಮನಮ್ಮ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಸುರೇಖಾ ಬಾಗಿಲಿಗೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಕುಳಿತು ಹಂಚನ್ನು ಎರಡೂ ಕೈಯಿಂದ ಎತ್ತಿದಳು.

“ಅತ್ತಿ” ಎಂದಳು ಮೆಲ್ಲಗೆ, “ಗುಜರಿಯವ ತಿರುಗಿ ತಂದು ಕೊಟ್ಟಾನೇನು?”

ಯಮನಮ್ಮ ಮೊರವನ್ನು ಮತ್ತೆ ಎತ್ತಿಕೊಂಡಳು. “ಆತು ಬಿಡಬೇ, ನಾ ಅನಬಾರದಿತ್ತು” ಎಂದಳು, ಸೊಸೆಯ ಕಡೆ ನೋಡದೆ. ಸುರೇಖಾ ಹಂಚನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಹೊನ್ನೂರಮ್ಮನಿಗೆ, “ಒಳಗ ಬರ್ರಿ ದೊಡ್ಡತ್ತಿ” ಎಂದಳು. ಆರು ವರ್ಷದಿಂದ ಆ ಮನೆಯಲ್ಲಿ ಅವಳನ್ನು ಒಳಗೆ ಕರೆದವರಿರಲಿಲ್ಲ. ಹೊನ್ನೂರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ತುಟಿಯಲ್ಲೇ ಸ್ತೋತ್ರ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಯಮನಮ್ಮನ ಅನುಮಾನ ಇನ್ನೂ ಹೋಗಿರಲಿಲ್ಲ. “ಹಂಚು ಅದೇ ಹೌದೋ ಅಲ್ಲೋ ರೊಟ್ಟಿ ಹಾಕಿದ್ರ ಗೊತ್ತಾಕ್ಕೈತಿ” ಎಂದು ಹಿಂದೆಯೇ ಬಂದಳು. “ಮುಕ್ಕು ಯಾರು ಬೇಕಾದರೂ ಮಾಡತಾರ. ಬಡಿ ನೋಡೂಣು.”

ಹೊನ್ನೂರಮ್ಮ ಒಳಗೆ ಒಲೆಯ ಮುಂದೆ ಕುಳಿತು ಸೆರಗು ಸಿಕ್ಕಿಸಿ ಹಿಟ್ಟಿನ ನಡುವೆ ಕುಳಿ ಮಾಡಿದಳು. ಸುರೇಖಾ ಕುದಿಯುವ ನೀರು ಹೊಯ್ದಳು. ನಾದಿ, ಉಂಡೆ ಮಾಡಿ, ಮಣೆಯ ಮೇಲೆ ಬಡಿಯತೊಡಗಿದಳು. ರೊಟ್ಟಿ ತಿರುಗುತ್ತಾ ಅಗಲವಾಯಿತು. ಅದನ್ನು ಕಾದ ಹಂಚಿನ ಮೇಲೆ ಹಾಕಿ, ಮಗ್ಗುಲಿಗೆ ಕೈ ಚಾಚಿದಳು.

“ಆ ಹಸಿ ಬಟ್ಟಿ ಕೊಡು ಸುರೇಖಾ. ಉರಿ ಸಣ್ಣ ಮಾಡು, ಈ ಹಂಚು ಕಾದ ಮ್ಯಾಲ ಬ್ಯಾಗ ಆರಂಗಿಲ್ಲ.”

ಸುರೇಖಾ ಬಟ್ಟೆ ಕೊಟ್ಟು ಒಂದು ಕೊಳ್ಳಿ ಹಿಂದಕ್ಕೆ ಎಳೆದಳು. ಹೊನ್ನೂರಮ್ಮ ರೊಟ್ಟಿಯ ಮೇಲೆ ನೀರು ಸವರಿ ತಿರುವಿ ಹಾಕಿದಳು, ಎಲ್ಲೂ ಹೊತ್ತಿರಲಿಲ್ಲ. ಯಮನಮ್ಮ ಬಗ್ಗಿ ನೋಡುತ್ತಿದ್ದಂತೆ ಮುಂದಿನ ಉಂಡೆ ಎತ್ತಿಕೊಂಡಳು.