ಸರಪಳಿಯ ಈಚೆಗೆ ಕಂಡ ಮಂಗಟ್ಟೆ

ನಮ್ಮ ಡ್ರಾಯಿಂಗ್ ಮೇಷ್ಟ್ರ ಕತ್ತು ಸದಾ ಬಲಕ್ಕೆ ತಿರುಗಿರುತ್ತಿತ್ತು. ಬಲಗಣ್ಣು ಹೋಗಿತ್ತು, ಎಡಗಣ್ಣನ್ನೇ ಮುಂದೆ ಮಾಡಿಕೊಂಡು, ಕೋಳಿ ಕಾಳನ್ನು ನೋಡುವ ಹಾಗೆ ನಮ್ಮನ್ನೆಲ್ಲ ನೋಡುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಾನು ಹೊನ್ನಾಳಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದಾಗ, ಸೂಳೆಕೆರೆಯ ಕೊಕ್ಕರೆಗಳಿಂದ ಹಿಡಿದು ಜಗಳೂರು ಬಯಲಿನ ಹಕ್ಕಿಗಳವರೆಗೆ ಅವರು ಬರೆಯದ ಹಕ್ಕಿಯಿರಲಿಲ್ಲ, ದೊಡ್ಡ ಕೊಕ್ಕಿನ ಕಾಡುಹಕ್ಕಿ ಮಂಗಟ್ಟೆಯೊಂದನ್ನು ಬಿಟ್ಟು. ಕಣ್ಣಾರೆ ಕಾಣದ್ದನ್ನು ಬರೆಯುವವರೇ ಅಲ್ಲ. ಎಡಗಣ್ಣೂ ಉಳಿಯುವುದಿಲ್ಲವೆಂದು ದಾವಣಗೆರೆಯ ಡಾಕ್ಟರು ಹೇಳಿದ ಮೇಲೆ ಮಂಗಟ್ಟೆ ನೋಡಲು ನಾಗರಹೊಳೆಯ ಕಾಡಿಗೆ ಹೋಗಲೇಬೇಕೆಂದು ಹಠ ಹಿಡಿದರು.

ಆದರೆ ನಮ್ಮ ರಜೆಗೂ ಆ ಕಾಡಿಗೂ ಎಣ್ಣೆ ಸೀಗೇಕಾಯಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಬಂದ್, ದಸರೆಯಲ್ಲಿ ಮಳೆಗೆ ಬಂದ್. ಕಾಡು ತೆರೆದಾಗ ನಮಗೆ ಪರೀಕ್ಷೆ. ಮೇಷ್ಟ್ರು ಕಾಡಿನ ದಾರಿಗೆ ಸರಪಳಿ ಹಾಕುವ ಗೇಟಿನ ಪಕ್ಕದ ಟೀ ಅಂಗಡಿಯವನಿಗೆ, ಉತ್ತರದ ಕಾರ್ಡೂ ಅಂಟಿಕೊಂಡಿರುವ ಜೋಡಿ ಕಾರ್ಡು ಹಾಕುತ್ತಿದ್ದರು. "ಆಫೀಸಿನೋರು ರೂಲ್ಸು ಬರೀತಾರೆ. ಸರಪಳಿ ಹಾಕೈತೋ ಬಿಟ್ಟೈತೋ ಅನ್ನೋದು ಟೀ ಮಾರೋನಿಗೇ ಗೊತ್ತು ನೋಡ್ರಿ." ಎರಡು ವರ್ಷ ಒಂದೇ ಉತ್ತರ: ಹಾಕಿದೆ.

ಮೂರನೆಯ ದಸರೆಗೆ 'ಬಿಟ್ಟಿದೆ' ಎಂದು ಬಂತು. ಮೇಷ್ಟ್ರು, ಅವರ ಹೆಂಡತಿ, ನಾನು ಬಸ್ಸು ಬದಲಿಸುತ್ತ ಹೋದೆವು. ಹಿಂದಿನ ದಿನವಷ್ಟೇ ಮಳೆ ಹೊಡೆದು ಮತ್ತೆ ಸರಪಳಿ ಬಿದ್ದಿತ್ತು.

"ಆಚೆ ಊರಲ್ಲಿ ನೆಂಟರಿದ್ದಾರೆ ಅನ್ನೋಣ ಸರ್, ಬಿಡ್ತಾರೆ" ಎಂದೆ.

"ಸುಳ್ಳು ಹೇಳಿ ಹಕ್ಕಿ ನೋಡಾಕೆ ನಂಗೆ ಮನಸ್ಸಿಲ್ಲ ಕಣ್ರೀ" ಎಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. ನನಗೆ ಸಿಟ್ಟೇ ಬಂತು.

ಸಂಜೆ ತಲೆಯ ಮೇಲೆ ರೆಕ್ಕೆಗಳ ದೊಡ್ಡ ಸದ್ದಾಯಿತು. ಅವರು ಕತ್ತು ಹೊರಳಿಸುವುದರೊಳಗೆ ಮಂಗಟ್ಟೆ ರಸ್ತೆ ದಾಟಿ ಹೋಗಿತ್ತು.

"ನಂಗೆ ಕಾಣ್ಲಿಲ್ಲ. ನೀವು ಹೇಳ್ರಿ, ಕೊಕ್ಕು ಹೆಂಗಿತ್ತು?"

"ಹಳದಿ, ಸರ್."

"ಅದರ ಮ್ಯಾಲೊಂದು ಉಬ್ಬು ಇರ್ತೈತಲ್ಲ, ಅದು?"

ನಾನು ಬಾಲದ ಬಿಳುಪು ನೋಡುತ್ತ ಮೈಮರೆತಿದ್ದೆ. ಏನೋ ಒಂದು ಬಣ್ಣ ಹೇಳಿಬಿಡಬಹುದಿತ್ತು. ಅವರೆದುರು ನಾಲಿಗೆ ಹೊರಳಲಿಲ್ಲ. "ನೋಡಲಿಲ್ಲ ಸರ್" ಎಂದೆ.

"ಇರ್ಲಿ ಬಿಡ್ರಿ. ನಿಮಗೆ ಕಂಡಷ್ಟೇ ಬರೀತೀನಿ."

ಊರಿಗೆ ಬಂದು ಹಾಗೇ ಬರೆದರು. ಅದೇ ಅವರ ಕೊನೆಯ ಚಿತ್ರ. ಮುಂದಿನ ಮಳೆಗಾಲದ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ನನಗೆ ನ್ಯಾಮತಿಗೆ ವರ್ಗವಾದ ವರ್ಷ ಅವರು ತೀರಿಕೊಂಡರು. ಚಿತ್ರವನ್ನು ಅವರ ಹೆಂಡತಿ ನನ್ನ ಕೈಗೆ ಕೊಟ್ಟರು.

ಆಮೇಲೆ ಎಷ್ಟೋ ಮಂಗಟ್ಟೆಗಳನ್ನು ನೋಡಿದ್ದೇನೆ. ಆ ಉಬ್ಬಿನ ಮೇಲೆ ಕಪ್ಪು ಬಣ್ಣವಿರುತ್ತದೆ. ಚಿತ್ರದಲ್ಲಿ ಅಷ್ಟು ಜಾಗ ಇವತ್ತಿಗೂ ಬರೀ ಬಿಳಿ ಕಾಗದ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಪ್ಪು ಹಚ್ಚಿ ಪೂರ್ತಿ ಮಾಡಿ ಎಂದು ಮನೆಗೆ ಬಂದವರು ಹೇಳುತ್ತಾರೆ. ಮೇಷ್ಟ್ರು ಕೇಳಿದಾಗ ಹೇಳಲಾಗದ್ದನ್ನು ಈಗ ಹಚ್ಚಿ ಯಾರಿಗೆ ತೋರಿಸಲಿ?