ಪಾಸ್ ಮೇಡಂ ಮತ್ತು ಬೆವರುವ ಲೋಟ

ಗಿರಿಜಾ ಮೇಡಂ ಅವರ ತೋರುಬೆರಳು ಸದಾ ರಿಮೋಟಿನ ಒಂದೇ ಗುಂಡಿಯ ಮೇಲಿರುತ್ತಿತ್ತು. ರಾಜೀವನಗರದ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಾಗ ನಾವೆಲ್ಲ ವಿಡಿಯೋ ಓಡಿಸುವುದನ್ನು ಕಲಿತೆವು, ಅವರು ನಿಲ್ಲಿಸುವುದನ್ನು ಕಲಿತರು. ಉತ್ತರ ಬರುವ ಹೊತ್ತಿಗೆ ಸರಿಯಾಗಿ ಟಪ್ಪೆಂದು ಒತ್ತಿ, "ಈಗ ನೀವು ಹೇಳಿ" ಎಂದು ಕುರ್ಚಿ ಎಳೆದು ಕೂತುಬಿಡುವರು. ಇಂಗ್ಲಿಷಿನ 'ಪಾಜ್' ಮಕ್ಕಳ ಬಾಯಲ್ಲಿ 'ಪಾಸ್' ಆಗಿ, ಅವರು ಪಾಸ್ ಮೇಡಂ ಆದರು. ಎಲ್ಲರನ್ನೂ ಪಾಸ್ ಮಾಡಿಸೋ ಮೇಡಂ ಇವರೇ ಇರಬೇಕೆಂದು ಪೋಷಕರು ಅವರ ತರಗತಿಗಾಗಿ ದುಂಬಾಲು ಬೀಳುತ್ತಿದ್ದರು. ಪಾಪ!

ನಾನಾಗ ಬಿ.ಎಡ್. ಮುಗಿಸಿ ಬಂದ ಹೊಸಬಳು. ಸರಿ ಉತ್ತರಕ್ಕೆ ನಕ್ಷತ್ರ ಉದುರಿಸುವ ಟ್ಯಾಬ್ ಕಂಡರೆ ನನಗೆ ಭಾರಿ ಖುಷಿ. ಮೇಡಂ ಮೂಗು ಮುರಿದರು. "ಇದು ವರ್ತನಾವಾದ ಕಣಮ್ಮ. ಕಾಳು ಹಾಕಿದ್ರೆ ಪಾರಿವಾಳಾನೂ ಒತ್ತುತ್ತೆ. ಮಗು ತಲೇಲಿ ಮೊದ್ಲೇ ಒಂದು ಉತ್ತರ ಕೂತಿರುತ್ತೆ. ಅದನ್ನ ಎಬ್ಬಿಸ್ದೆ ನಿನ್ನುತ್ತರಾನ ಎಲ್ಲಿ ಕೂರಿಸ್ತೀಯಾ?" ರಚನಾವಾದವೆಂದು ನಾನು ಪುಟಗಟ್ಟಲೆ ಬರೆದಿದ್ದು ಇದನ್ನೇ ಅಲ್ಲವೇ ಎಂದು ಮನೆಗೆ ಹೋಗುವಾಗ ಹೊಳೆಯಿತು.

ಅವರ ನಿವೃತ್ತಿಯ ವಾರ. ಪಾಠ, ಸಾಂದ್ರೀಕರಣ. ವಿಡಿಯೋದಲ್ಲಿ ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟಿತು. ಮೇಡಂ ಗುಂಡಿ ಒತ್ತಿದರು.

"ಲೋಟ ಸೋರ್ತಿದೆ ಮಿಸ್!" ಎಂದು ಇಡೀ ಏಳನೇ ಕ್ಲಾಸು ಕೂಗಿತು. ಅಪರೂಪಕ್ಕೆ ಬಾಯಿ ಬಿಡುವ ಚೈತ್ರಾ ಮಾತ್ರ ಮೆಲ್ಲಗೆ, "ಶಾಯಿ ಹಾಕಿ ನೋಡಣ್ವಾ ಮಿಸ್?" ಎಂದಳು. ಮೇಡಂ ನಿಜದ ಲೋಟವೊಂದರಲ್ಲಿ ತಣ್ಣೀರು ತರಿಸಿ ಶಾಯಿ ಹಾಕಿದರು. ಹೊರಗಿನ ಹನಿಯನ್ನು ಬಿಳಿ ಕರವಸ್ತ್ರದಲ್ಲಿ ಒರೆಸಿದರೆ ನೀಲಿಯ ಸುಳಿವೇ ಇಲ್ಲ.

"ಒಳಗಿಂದಲ್ಲ ಅಂತಾಯ್ತು. ಮತ್ತೆಲ್ಲಿಂದ ಬಂತು?"

ಮೇಡಂ ಬೋರ್ಡ್ ಆರಿಸಿ ಹೊರಟೇಬಿಟ್ಟರು.

ಮೂರು ದಿನವಾದರೂ ಉತ್ತರವಿಲ್ಲ. ಯಾವ ಶಾಲೆ ಎಷ್ಟು ವಿಡಿಯೋ ಮುಗಿಸಿದೆಯೆಂದು ಮೇಲಿನ ಕಚೇರಿಯವರು ಕೂತಲ್ಲೇ ನೋಡುತ್ತಾರೆ. ಮುಖ್ಯೋಪಾಧ್ಯಾಯರು ಕೈಮುಗಿಯುವುದೊಂದು ಬಾಕಿ.

"ಮೇಡಂ, ಪಾಠ ಬಾಕಿ ಇದ್ರೆ ಬೋರ್ಡನ್ನ ಬೇರೆ ಶಾಲೆಗೆ ಕೊಟ್ಬುಡ್ತಾರೆ. ಎರಡು ನಿಮಿಷದ ವಿಡಿಯೋ, ಓಡಿಸ್ಬುಡಿ!"

"ವಿಡಿಯೋ ಓಡುತ್ತೆ ಸಾರ್. ಮಕ್ಕಳ ತಲೆ ಓಡ್ಬೇಕಲ್ಲ? ನಾನಿರೋವರ್ಗೂ ಹಾಕಲ್ಲ."

ನನಗೆ ಮೈಯೆಲ್ಲ ಉರಿಯಿತು. ಸೋಮವಾರದಿಂದ ಆ ತರಗತಿ ನನ್ನದು. ಬೋರ್ಡು ಹೋದರೆ ಬರಿಗೈಯಲ್ಲಿ ನಿಲ್ಲುವವಳು ನಾನು ತಾನೇ? "ಹೇಳ್ಕೊಟ್ರೆ ಏನ್ಹೋಗುತ್ತೆ ಮೇಡಂ?" ಎಂದು ರೇಗಿದೆ. "ಅವ್ರ ಪ್ರಶ್ನೆ ಹೋಗ್ಬುಡುತ್ತೆ ಕಣಮ್ಮ" ಎಂದರು. ಇಂಥ ಹಟಮಾರಿಯ ಹತ್ತಿರ ಏನು ಮಾತಾಡುವುದು?

ಶನಿವಾರ ಶಾಲು, ಹಾರ, ಭಾಷಣ ಎಲ್ಲ ಮುಗಿಯಿತು. ಮೇಡಂ ಆಟೋ ಹತ್ತಿದರು. ಅಷ್ಟರಲ್ಲಿ ಗೇಟಿನೆದುರಿನ ಸೋಡಾ ಅಂಗಡಿಯಿಂದ ಚೈತ್ರಾ, ಕೈಯಲ್ಲೊಂದು ಸ್ಟೀಲ್ ಲೋಟ ಹಿಡಿದು, ಓಡೋಡಿ ಬಂದಳು.

"ಮಿಸ್! ಖಾಲಿ ಲೋಟಾನೂ ಬೆವ್ರುತ್ತೆ ಮಿಸ್!"

"ಅಂಗಂದ್ರೆ?"

"ಫ್ರಿಜ್ಜಲ್ಲಿ ಇಡ್ಸಿದ್ದೆ. ಒಳಗೆ ನೀರೇ ಹಾಕಿರ್ಲಿಲ್ಲ. ಆಚೆ ತೆಗೆದ್ರೆ ನೋಡಿ, ಎಂಗೆ ಒದ್ದೆ ಆಗ್ತಿದೆ! ನೀರು ಗಾಳೀಲಿತ್ತು ಮಿಸ್, ಗಾಳೀಲಿ!"

ಮೇಡಂ ಇಳಿದು ಬಂದು, ಲೋಟದ ಮೈಮೇಲೆ ಬೆರಳಾಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಚೈತ್ರಾಳ ಹೆಗಲ ಮೇಲೆ ಕೈಯಿಟ್ಟು, ಗೇಟಿನಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರ ಕಡೆ ತಿರುಗಿದರು.

"ಸಾರ್, ಈಗ ಬೇಕಾದ್ರೆ ವಿಡಿಯೋ ಹಾಕಿ."