ಗದ್ದಕ್ಕೆ ಛತ್ರಿ ಹಿಡಿದದ್ದು

ನನ್ನ ಹೆಂಡತಿಯ ಗದ್ದದ ಮೇಲೊಂದು ಗಾಯದ ಕಲೆಯಿದೆ. ಅದರ ಕರ್ತೃ ನಾನು. ಮದುವೆಯಾದ ಎರಡನೇ ತಿಂಗಳು, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತುಮಕೂರಿನಿಂದ ಗುಬ್ಬಿಯ ತವರಿಗೆ ಹೊರಟಿದ್ದೆ. ನಮ್ಮ ಕಡೆ ಹುರುಳಿ ಗಿಡ ಕಿತ್ತು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಆ ಸೇವೆಯಲ್ಲಿ ನಾನೂ ಭಾಗಿಯಾದೆ. ಸ್ಕೂಟರ್ ಜಾರಿತು. ಅವಳ ಗದ್ದಕ್ಕೆ ಐದು ಹೊಲಿಗೆ. ನನಗೆ ಏನೂ ಆಗಲಿಲ್ಲ. ಅದೇ ದೊಡ್ಡ ಅಪರಾಧವಾಯಿತು.

ನಮ್ಮೂರು ಕುಣಿಗಲ್, ಕುದುರೆ ಫಾರಂ ಇರುವ ಊರು. “ಕುಣಿಗಲ್‌ನೋರು ಕುದುರೆ ಓಡಿಸ್ಬೇಕಪ್ಪ, ಸ್ಕೂಟರಲ್ಲ” ಎಂದು ಅತ್ತೆ ಅವತ್ತು ಕೊಟ್ಟ ತೀರ್ಪಿನ ಮೇಲೆ ಮೂವತ್ಮೂರು ವರ್ಷವಾದರೂ ಮೇಲ್ಮನವಿಗೆ ಅವಕಾಶ ಸಿಕ್ಕಿಲ್ಲ.

ಅಂದಿನಿಂದ ಫೋಟೋ ಎಂದರೆ ಅವಳ ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ನಮ್ಮ ಆಲ್ಬಮ್ಮಿನಲ್ಲೆಲ್ಲ ಅವಳು ಯಾವುದೋ ಗಹನ ಸಮಸ್ಯೆಯನ್ನು ಚಿಂತಿಸುತ್ತಿರುತ್ತಾಳೆ, ಪಕ್ಕದಲ್ಲಿ ನಾನು ಆ ಸಮಸ್ಯೆಯಂತೆ ನಿಂತಿರುತ್ತೇನೆ.

ಈ ವರ್ಷ ಅವಳಿಗೆ ನಿವೃತ್ತಿ. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ಹೆಡ್‌ಮಿಸ್ಸು ಮುಂದಿನ ಸಾಲಿನ ನಡುವೆ, ಎರಡೂ ಕೈ ತೊಡೆಯ ಮೇಲಿಟ್ಟು ಕೂರಬೇಕು. ಇದು ಶಾಲೆಗಳ ಅಲಿಖಿತ ಸಂವಿಧಾನ. ಆಮೇಲೆ ಆ ಫೋಟೋ ಆಫೀಸಿನ ಗೋಡೆಯ ಮೇಲೆ ಶಾಶ್ವತ.

“ಕೈ ಕೆಳಗಿಟ್ಟು ಒಂದೇ ಒಂದು ಫೋಟೋ ಬೇಕು ಕಣ್ರೀ ನಂಗೆ,” ಅಂದಳು. ಬೀಳ್ಕೊಡುಗೆಗೆ ನಾಲ್ಕು ತಿಂಗಳಿತ್ತು. ತುಮಕೂರಿನ ಶಿರಾ ಗೇಟ್ ಹತ್ತಿರದ ಚರ್ಮದ ಡಾಕ್ಟರ ಬಳಿ ಹೋದೆವು.

ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. “ಲೇಸರ್‌ನಲ್ಲಿ ಪೂರ್ತಿ ಹೋಗಲ್ಲಮ್ಮ, ಮಾಸುತ್ತೆ. ತಿಂಗಳಿಗೊಂದರಂತೆ ನಾಲ್ಕು ಸಲ ಬನ್ನಿ. ಬಿಸಿಲು ತಾಗಬಾರ್ದು, ಕೈಲಿ ಮುಟ್ಟಬಾರ್ದು. ಈ ಕ್ರೀಮ್ ಬಿಟ್ಟು ಬೇರೆ ಔಷಧಿ ಹಚ್ಚಬಾರ್ದು.”

ಬಿಸಿಲಿನ ಉಸ್ತುವಾರಿ ನನಗೆ ಬಂತು. ಮರಳೂರು ಬಡಾವಣೆಯ ನಮ್ಮ ಮನೆಯಿಂದ ಬಸ್‌ಸ್ಟಾಪಿನವರೆಗೆ ದಿನಾ ಅವಳಿಗೆ ಕಪ್ಪು ಛತ್ರಿ ಹಿಡಿದು ನಡೆದೆ. ಅಂಗಡಿಯವನು, “ಏನ್ ಸಾರ್, ಅಮ್ಮನೋರ ಉತ್ಸವನಾ?” ಅಂದ. ಹೌದು, ಚಾಮರ ಬೀಸಲು ಜನ ಸಾಲದು ಎಂದೆ.

ಮೊದಲ ಲೇಸರ್ ಆದ ವಾರವೇ ಗುಬ್ಬಿಗೆ ಹೋದೆವು. ಕೆಂಪಗಾದ ಗದ್ದ ನೋಡಿ ಅತ್ತೆ ನನ್ನ ಕಡೆ ತಿರುಗಿದರು. “ಮತ್ತೆ ಬೀಳಿಸಿದ್ರಾ?”

ವಿವರಿಸಿದೆವು. ಬೇರೆ ಔಷಧಿ ಹಚ್ಚಬಾರದೆಂಬುದನ್ನೂ ಒತ್ತಿ ಹೇಳಿದೆವು. ಅತ್ತೆ ಗಮನವಿಟ್ಟು ಕೇಳಿದರು. ಊಟವಾಗಿ ಮಗಳು ಒಂದು ನಿದ್ದೆ ತೆಗೆಯುವಾಗ, ಯಡಿಯೂರಿನ ವಿಭೂತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅವಳ ಗದ್ದಕ್ಕೆ ದಪ್ಪಗೆ ತಿಕ್ಕಿಬಿಟ್ಟಿದ್ದರು. ಜ್ವರ, ಭಯ, ಪರೀಕ್ಷೆ ಎಲ್ಲಕ್ಕೂ ವಿಭೂತಿ ಇಡುವ ಮನೆ ಅದು. “ವಿಭೂತಿ ಔಷಧಿ ಹೆಂಗಾಯ್ತದೆ ಬುಡಿ,” ಎಂದರು. ವಾದದಲ್ಲಿ ಲೋಪವಿರಲಿಲ್ಲ.

ಚರ್ಮಕ್ಕೆ ಈ ವಾದ ತಲುಪಲಿಲ್ಲ. ಕಲೆ ಕಪ್ಪಾಯಿತು. ತಿಂಗಳಾದ ಮೇಲೆ ಡಾಕ್ಟರು ಲೈಟ್ ಹಿಡಿದು ನೋಡಿ, “ಏನ್ ಹಚ್ಚಿದ್ರಿ?” ಎಂದರು. ಹೆಂಡತಿ ನೆಲ ನೋಡಿದಳು.

“ನಾನೇ ವಿಭೂತಿ ಹಚ್ಚಿದೆ,” ಅಂದೆ.

“ನೋಡಿದ್ರೆ ಓದಿದೋರ ಹಂಗಿದೀರ,” ಎಂದರು ಡಾಕ್ಟರು. “ಈ ತಿಂಗಳು ಮಾಡಕ್ಕಾಗಲ್ಲ. ಮುಂದಿನ ತಿಂಗಳು ಬನ್ನಿ.” ನಾಲ್ಕು ಸಲದ ಲೇಸರ್ ಮೂರಾಯಿತು.

ಆಟೋದಲ್ಲಿ ಅವಳು, “ಯಾಕ್ರೀ ಸುಳ್ಳು ಹೇಳಿದ್ರಿ?” ಅಂದಳು.

“ಆ ಗದ್ದಕ್ಕೆ ಅಪರಾಧಿ ನಾನೊಬ್ಬನೇ ಇರಲಿ. ಎಂಬತ್ತರ ವಯಸ್ಸಲ್ಲಿ ನಿಮ್ಮಮ್ಮಂಗ್ಯಾಕೆ ಪಾಲು?”

ನಕ್ಕಳು. ಅಭ್ಯಾಸದಂತೆ ಕೈ ಗದ್ದದವರೆಗೆ ಬಂತು. ಮುಟ್ಟಬಾರದೆಂಬುದು ನೆನಪಾಗಿ ಕೆಳಗಿಳಿಯಿತು.

ಫೋಟೋ ದಿನ ಶಾಲೆಯ ಅಂಗಳದಲ್ಲಿ ಚುರುಕು ಬಿಸಿಲು. ಎಲ್ಲರೂ ಕೂರುವವರೆಗೂ ಛತ್ರಿ ಹಿಡಿದು ಅವಳ ಹಿಂದೆಯೇ ಇದ್ದೆ. “ಸಾರ್, ಆಚೆ ಬನ್ನಿ,” ಅಂದ ಫೋಟೋದವನು. ಬಂದೆ. ಅವನ ನಿರೀಕ್ಷೆಯಷ್ಟು ದೂರ ಅಲ್ಲ.

ಪ್ರಿಂಟ್ ಬಂತು. ಕೈಗಳೆರಡೂ ತೊಡೆಯ ಮೇಲಿವೆ. ಕಲೆ ಇದೆ, ಮಡಿಸಿಟ್ಟ ಕಾಗದ ಬಿಡಿಸಿದಾಗ ಉಳಿಯುವ ಗೆರೆಯಷ್ಟು. ಅದನ್ನು ಹುಡುಕಬೇಕು, ಅವಳ ನಗು ನೋಡುತ್ತ ಕೂತರೆ ಹುಡುಕುವುದು ಮರೆತುಹೋಗುತ್ತದೆ. ಒಂದು ಪ್ರತಿ ಗುಬ್ಬಿಗೆ ಒಯ್ದೆವು. ಅತ್ತೆ ಗದ್ದದ ಮೇಲೆ ಬೆರಳಾಡಿಸಿ, ವಿಭೂತಿ ಕೆಲಸ ಮಾಡಿದೆ ಎಂದರು. ಆಮೇಲೆ ಫೋಟೋದ ಅಂಚಿನಲ್ಲಿ ಇಣುಕಿದ್ದ ಕಪ್ಪು ಮೂಲೆಯೊಂದನ್ನು ತೋರಿಸಿ ಕೇಳಿದರು:

“ಇದೇನೇ, ಕಾಗೆನಾ?”

“ಅಲ್ಲಮ್ಮ,” ಅಂದಳು ಅವಳು, “ನಮ್ಮನೆಯವ್ರು.”